ತೊಂಬತ್ತೇಳು ಮಾರ್ಕಿನ ಫ್ರೆಂಚ್

ದುಬೈಯ ಅಲ್ ನಹ್ದಾದಲ್ಲಿ ನಮ್ಮ ಊರಿನವರು ನಾಲ್ಕು ಜನ ಸೇರಿದರೆ ಸಾಕು, ಸುಪ್ರೀತಾಳ ಸುದ್ದಿ. ಸುಳ್ಳು ಹೇಳಿ ಕೆಲಸಕ್ಕೆ ಸೇರಿದ್ದಳಂತೆ, ಸಿಕ್ಕಿಬಿದ್ದಳಂತೆ, ಈಗ ಏರ್‌ಪೋರ್ಟಿನಲ್ಲಿ ಬರುವವರ ಹೆಸರಿನ ಬೋರ್ಡು ಹಿಡಿದು ನಿಂತಿದ್ದಾಳಂತೆ. ಅಂತೆ ಕಂತೆ ಸಾಕು ಮಾರಾಯ್ರೆ! ಹೌದು, ಸುಳ್ಳು ಹೇಳಿದ್ದಳು. ಆ ಸುಳ್ಳಿಗೆ ಹಾರ್ನ್ ಹೊಡೆದವನು ನಾನು. ಬೈಯುವುದಾದರೆ ನನ್ನನ್ನೂ ಸೇರಿಸಿ ಬೈಯಿರಿ.

ನಾನು ಅಬ್ಬಾಸ್, ಉಪ್ಪಿನಂಗಡಿಯವನು. ದುಬೈಯಲ್ಲಿ ಟೂರಿಸ್ಟ್ ಬಸ್ಸು ಹಿಡಿದು ಹನ್ನೊಂದು ವರ್ಷ ಆಯಿತು. ಸುಪ್ರೀತಾ ಮೂಡಬಿದ್ರೆ ಕಡೆಯವಳು, ನಮ್ಮ ಕಂಪೆನಿಯಲ್ಲಿ ಗೈಡ್. ಇಂಗ್ಲಿಷಿನಲ್ಲಿ ಟೂರ್ ಮಾಡ್ಲಿಕ್ಕೆ ಲೈಸನ್ಸ್ ಉಂಟು, ಮಾತು ಚಂದ, ಕೆಲಸದಲ್ಲಿ ಒಂದು ಕುಂದು ಸಹ ಹುಡುಕಲಿಕ್ಕಿಲ್ಲ. ಒಂದೇ ಗುಣ: ಕೂತಲ್ಲಿ ಕೂರುವವಳಲ್ಲ. ಬಸ್ಸು ಹೊರಡುವ ಮೊದಲು ತಲೆ ಎಣಿಸುವುದು, ಹೊರಟ ಮೇಲೆ ಇನ್ನೊಮ್ಮೆ ಎಣಿಸುವುದು. ಕಾಲು ಅಲ್ಲಾಡಿಸುತ್ತಾ, ಉಗುರು ಕಚ್ಚುತ್ತಾ ನನ್ನ ಪಕ್ಕದ ಸಣ್ಣ ಸೀಟಿನಲ್ಲಿ ಕೂತರೆ ನನಗೇ ಮಂಡೆಬಿಸಿ ಶುರುವಾಗುತ್ತಿತ್ತು.

ಅಬುಧಾಬಿಯಲ್ಲಿ ಆ ಲೂವ್ರ್ ಮ್ಯೂಸಿಯಂ ತೆರೆದದ್ದು ಎರಡು ಸಾವಿರದ ಹದಿನೇಳರ ನವೆಂಬರಿನಲ್ಲಿ. ಅದಕ್ಕೆ ಮೊದಲು ಫ್ರಾನ್ಸಿನವರು ಬರುತ್ತಿರಲಿಲ್ಲ ಅಂತಲ್ಲ. ಮರಳುಗಾಡು, ಒಂಟೆ, ಚಿನ್ನದ ಅಂಗಡಿ, ಅಷ್ಟೇ. ಈಗ ನೋಡಿದರೆ ಬಸ್ಸು ಬಸ್ಸು ಜನ. ಪ್ಯಾರಿಸಿನ ಹೆಸರು, ಪ್ಯಾರಿಸಿನ ಚಿತ್ರಗಳು, ಅದನ್ನು ನೋಡ್ಲಿಕ್ಕೆ ಏಳು ಗಂಟೆ ವಿಮಾನದಲ್ಲಿ ಕೂತು ಬರುವವರು ಪ್ಯಾರಿಸಿನವರೇ! ಹಿತ್ತಲ ಗಿಡ ಮದ್ದಲ್ಲ ಅಂತ ನಾವು ಹೇಳ್ತೇವಲ್ಲ, ಅವರಿಗೂ ಹಾಗೆಯೇ ಕಾಣ್ತದೆ. ಹೋಟೆಲಿನವರು ಬೆಳಗಿನ ತಿಂಡಿ ಡಬ್ಬಿಗೆ ಕ್ರೊಸ್ಸಾಂ ಅನ್ನುವ ಫ್ರೆಂಚ್ ಬನ್ನು ತುಂಬಿಸಿದರು. ನಮ್ಮ ಆಫೀಸಿನಲ್ಲಿ ಫ್ರೆಂಚ್ ಮಾತಾಡುವ ಗೈಡ್ ಬೇಕು, ಈಗಲೇ ಬೇಕು, ಅಂತ ಬೊಬ್ಬೆ.

ಮೇನೇಜರ್ ಆಸ್ವಾಲ್ಡ್ ನಮ್ಮ ಮಂಗಳೂರಿನವನೇ. ಫೈಲು ತೆಗೆದು ನೋಡಿದ. ಸುಪ್ರೀತಾಳ ಬಯೋಡಾಟಾದಲ್ಲಿ ಬರೆದಿತ್ತು: ಭಾಷೆಗಳು, ತುಳು, ಕನ್ನಡ, ಹಿಂದಿ, ಇಂಗ್ಲಿಷ್, ಫ್ರೆಂಚ್.

"ಫ್ರೆಂಚ್ ಬರ್ತದಾ ನಿಮಗೆ?"

"ಪಿಯುಸಿಯಲ್ಲಿ ತೊಂಬತ್ತೇಳು ಸರ್, ನೂರಕ್ಕೆ."

"ಮ್ಯಾನೇಜ್ ಮಾಡ್ತೀರಲ್ಲ?"

"ಮ್ಯಾನೇಜ್ ಮಾಡ್ತೇನೆ ಸರ್."

ಮುಗಿಯಿತು! ನಮ್ಮ ಕಡೆಯ ಮಕ್ಕಳಿಗೆ ಇದೆಲ್ಲ ಗೊತ್ತುಂಟು. ಕನ್ನಡ ತಗೊಂಡರೆ ಮಾರ್ಕು ಬೀಳುವುದಿಲ್ಲ, ಫ್ರೆಂಚ್ ತಗೋ, ಸ್ಕೋರಿಂಗ್ ಸಬ್ಜೆಕ್ಟ್ ಅಂತ ಲೆಕ್ಚರರೇ ಹೇಳುವುದು. ಎರಡು ವರ್ಷ ಪ್ರಶ್ನೆಪತ್ರಿಕೆ ಬಾಯಿಪಾಠ ಮಾಡಿ, ಬರೆದು, ಮರೆತು ಹೋಗುವುದು. ಫ್ರೆಂಚ್ ಮನುಷ್ಯನನ್ನು ಕಣ್ಣಲ್ಲಿ ನೋಡಿದವರು ಆ ಕ್ಲಾಸಿನಲ್ಲಿ ಯಾರೂ ಇರಲಿಕ್ಕಿಲ್ಲ, ಟೀಚರ್ ಸಹ.

ಇಲ್ಲ ಅಂತ ಹೇಳಬಹುದಿತ್ತಲ್ಲ ಅಂತ ಕೇಳ್ತೀರಿ. ಅವಳ ಗಂಡ ಲತೇಶನ ಕಂಪೆನಿಯಲ್ಲಿ ಐದು ತಿಂಗಳಿಂದ ಸಂಬಳ ಇರಲಿಲ್ಲ. ಮಗಳು ಯಶ್ಮಿತಾ ಆರನೇ ಕ್ಲಾಸು. ಆ ಮನೆ ನಿಂತದ್ದು ಇವಳೊಬ್ಬಳ ಕೆಲಸದ ಮೇಲೆ. ಫ್ರೆಂಚ್ ಗೈಡ್ ಸಿಗದಿದ್ದರೆ ಹೊರಗಿನಿಂದ ತರಿಸಿ ಇಲ್ಲಿಯವರಲ್ಲಿ ಒಬ್ಬರನ್ನು ಊರಿಗೆ ಕಳಿಸ್ತಾರೆ ಅಂತ ಸುದ್ದಿ ಬೇರೆ ಇತ್ತು. ಹೇಳಿ, ನೀವಾದರೆ ಇಲ್ಲ ಅನ್ನುತ್ತಿದ್ದಿರಾ? ಗಲ್ಫಿಗೆ ಬಂದವರು ಮೊದಲು ಕಲಿಯುವುದೇ ಅರ್ಥ ಆಗದಿದ್ದರೂ ಯೆಸ್ ಸರ್ ಅನ್ನಲಿಕ್ಕೆ. ನಾನೂ ಹಾಗೆಯೇ ಕಲಿತದ್ದು.

ಹಠಗಾರ್ತಿ ಅಂದರೆ ಹಠಗಾರ್ತಿ. ಕಂಪೆನಿಯ ಫ್ರೆಂಚ್ ಪುಸ್ತಿಕೆಯನ್ನು ಒಂದು ಹೋಟೆಲಿನ ಟ್ಯುನೀಶಿಯದ ಹುಡುಗಿಯ ಹತ್ತಿರ ಓದಿಸಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡಳು. ಅದನ್ನು ಕೇಳಿ ಕೇಳಿ ಕನ್ನಡ ಅಕ್ಷರದಲ್ಲಿ ಬರೆದಳು. ಇನ್ನೂರು ಪುಟದ ನೋಟ್‌ಬುಕ್, ಮೊದಲನೇ ಸಾಲು "ಬೋಂಜೂರ್ ಮೆದಾಂ ಎ ಮೆಸ್ಯೂ," ಅಂದರೆ ಎಲ್ಲರಿಗೂ ನಮಸ್ಕಾರ. ನಲವತ್ತು ನಿಮಿಷದ ಭಾಷಣ, ಒಂದಕ್ಷರ ತಪ್ಪದೆ. ದುಬೈ ದಾಟಿದ ಮೇಲೆ ಶುರುಮಾಡಿದರೆ ಅಬುಧಾಬಿ ಸೇತುವೆಗೆ ಸರಿಯಾಗಿ ಮುಗಿಯಬೇಕು. ಜನ ಚಪ್ಪಾಳೆ ಹೊಡೆಯುತ್ತಿದ್ದರು ಮಾರಾಯ್ರೆ! ಮ್ಯೂಸಿಯಂ ಒಳಗೆ ಕಿವಿಗೆ ಹಾಕುವ ಯಂತ್ರ ಕೊಡ್ತಾರೆ, ಅದು ಫ್ರೆಂಚಿನಲ್ಲೇ ಹೇಳ್ತದೆ, ಅಲ್ಲಿ ಬಚಾವ್. ಟಾಯ್ಲೆಟ್ ಎಲ್ಲಿ, ನೀರು ಎಲ್ಲಿ, ಎಷ್ಟು ಗಂಟೆಗೆ, ಅಷ್ಟು ಪಿಯುಸಿಯದ್ದು ನೆನಪಿತ್ತು.

ಕಷ್ಟ ಇದ್ದದ್ದು ಅವರು ಬೇರೆ ಏನಾದರೂ ಕೇಳಿದಾಗ. ಮೊದಲ ವಾರದಲ್ಲೇ ಬಸ್ಸಿನ ಬಾಗಿಲ ಹತ್ತಿರ ಒಬ್ಬ ಗಡ್ಡದವ ಏನೋ ಉದ್ದಕ್ಕೆ ಕೇಳಿದ. ಸುಪ್ರೀತಾ ನಕ್ಕು ನಿಂತಳು, ಕಿವಿಯ ಹತ್ತಿರ ಬೆವರು. ನನಗೆ ಎಂತ ಬಂತೋ, ಎರಡು ಸಲ ಹಾರ್ನ್ ಒತ್ತಿದೆ. ಅವಳು ವಾಚು ನೋಡಿ, ದೇವರೇ ಬಸ್ಸಿಗೆ ತಡ ಆಯಿತು ಅನ್ನುವ ಹಾಗೆ ಕೈ ಮಾಡಿ ಎಲ್ಲರನ್ನೂ ಹತ್ತಿಸಿದಳು. ಸಂಜೆ ಇಳಿಯುವಾಗ "ಅಬ್ಬಾಸಣ್ಣ, ನನಗೆ ಫ್ರೆಂಚ್ ಬರುವುದಿಲ್ಲ" ಅಂದಳು. ಕಣ್ಣಲ್ಲಿ ನೀರು.

"ಗೊತ್ತಾಯಿತು," ಅಂದೆ. "ಇನ್ನು ಹೀಗೆ ಆದರೆ ನೀನು ಬಸ್ಸಿನ ಕನ್ನಡಿಯಲ್ಲಿ ನನ್ನನ್ನು ನೋಡು. ನಾನು ಹಾರ್ನ್ ಹೊಡೀತೇನೆ. ಖಲಾಸ್."

ಒಂದು ವರ್ಷ ಹೀಗೆ ನಡೆಯಿತು. ನನಗೆ ಅದೊಂದು ಜಂಬ. ಒಂದು ಹೆಂಗಸಿನ ಅನ್ನ ಉಳಿಸಿದ್ದೇನೆ ಅಂತ! ಆದರೆ ಅವಳು ಒಣಗಿ ಹೋದಳು. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಆಸ್ವಾಲ್ಡನ ಫೋನು ಬಂದರೆ ಬೆಚ್ಚಿಬೀಳುವುದು, ಯಾರಾದರೂ ಹಿಂದೆ ಪಿಸುಗುಟ್ಟಿದರೆ ತಿರುಗುವುದು. "ಬಿಟ್ಟುಬಿಡ್ತೇನೆ ಅಬ್ಬಾಸಣ್ಣ" ಅನ್ನುವಳು, ಮರುದಿನ ಮುಂಜಾನೆ ರೌಂಡಬೌಟಿನ ಹತ್ತಿರ ಇಸ್ತ್ರಿ ಮಾಡಿದ ಕೋಟು ಹಾಕಿ ನಿಂತಿರುವಳು.

ಮರುವರ್ಷ ಡಿಸೆಂಬರಿನಲ್ಲಿ ಇಪ್ಪತ್ತೆಂಟು ಜನರ ಗುಂಪು ಬಂತು, ಹೆಚ್ಚಿನವರು ವಯಸ್ಸಾದವರು. ಅದರಲ್ಲಿ ಒಂದು ಜೋಡಿ, ಸೊಲಾಂಜ್ ಅಂತ ಅಜ್ಜಿ, ಅವಳ ಗಂಡ ರೆಮಿ. ಅಜ್ಜಿಗೆ ಮೊಣಕಾಲು ನೋವು. ಅಜ್ಜ ನೆಟ್ಟಗೆ, ಟೋಪಿ ಹಾಕಿ, ದಾರಿಯುದ್ದಕ್ಕೂ ಕಿಟಕಿಯ ಹೊರಗೆ ನೋಡಿ ನಗುತ್ತಿದ್ದ. ಮ್ಯೂಸಿಯಂ ಹತ್ತಿರ ಎಲ್ಲರೂ ಇಳಿದರು. ಅಜ್ಜಿ ಕೊನೆಯವಳು. ಮೆಟ್ಟಿಲಲ್ಲಿ ನಿಂತು ಸುಪ್ರೀತಾಳ ಕೈ ಹಿಡಿದು, ಸಣ್ಣ ಸ್ವರದಲ್ಲಿ, ಯಾರಿಗೂ ಕೇಳಬಾರದು ಅನ್ನುವ ಹಾಗೆ ಹೇಳಲಿಕ್ಕೆ ಶುರುಮಾಡಿದಳು. ಮುಂದೆ ನಡೆಯುತ್ತಿದ್ದ ಗಂಡನ ಕಡೆ ಕೈ ತೋರಿಸಿದಳು. ಸುಪ್ರೀತಾ "ವ್ವಿ, ವ್ವಿ, ಬ್ಯಾಂ ಸ್ಯೂರ್ ಮದಾಂ" ಅಂದಳು. ಹೌದು, ಹೌದು, ಖಂಡಿತ ಮದಾಂ. ಅಜ್ಜಿಯ ಮಾತು ಮುಗಿಯಲಿಲ್ಲ. ಸುಪ್ರೀತಾ ಕನ್ನಡಿಯಲ್ಲಿ ನನ್ನನ್ನು ನೋಡಿದಳು.

ನಾನು ಹಾರ್ನ್ ಹೊಡೆದೆ.

ಅಜ್ಜಿ ಬೆಚ್ಚಿ ಮಾತು ನಿಲ್ಲಿಸಿದಳು. ಆಮೇಲೆ ಸುಪ್ರೀತಾಳ ಕೆನ್ನೆ ತಟ್ಟಿ, ಹಗುರಾದವಳ ಹಾಗೆ ಇಳಿದಳು. ಮ್ಯೂಸಿಯಂನವರು ಗಾಲಿಕುರ್ಚಿ ತಂದು ಅವಳನ್ನು ಲಿಫ್ಟಿನ ಕಡೆ ಕರಕೊಂಡು ಹೋದರು. ಅಜ್ಜ ಗುಂಪಿನ ಜೊತೆ ಇನ್ನೊಂದು ದಾರಿಯಲ್ಲಿ ಹೋದ.

ಒಂದೂವರೆಗೆ ಎಲ್ಲರೂ ಬಸ್ಸಿಗೆ ಬಂದರು. ಸುಪ್ರೀತಾ ಎಣಿಸಿದಳು. ಇನ್ನೊಮ್ಮೆ ಎಣಿಸಿದಳು. ಇಪ್ಪತ್ತೇಳು. ಸೊಲಾಂಜ್ ಅಜ್ಜಿ ತನ್ನ ಸೀಟಿನಲ್ಲಿ ನೆಮ್ಮದಿಯಿಂದ ಕಿತ್ತಳೆ ಸುಲಿಯುತ್ತಿದ್ದಳು, ಪಕ್ಕದ ಸೀಟು ಖಾಲಿ. ಸುಪ್ರೀತಾ ಖಾಲಿ ಸೀಟು ತೋರಿಸಿದಳು. ಅಜ್ಜಿ ಸುಪ್ರೀತಾಳ ಹಿಂದೆ ಇಣುಕಿ ನೋಡಿದಳು, ಗಂಡ ಅಲ್ಲಿ ನಿಂತಿರಬೇಕು ಅನ್ನುವ ಹಾಗೆ. ಆಮೇಲೆ ಅವಳ ಕೈಯಿಂದ ಕಿತ್ತಳೆ ಕೆಳಗೆ ಬಿತ್ತು.

ಗುಂಪಿನಲ್ಲಿ ಇಂಗ್ಲಿಷ್ ಬರುವವನು ಒಬ್ಬನಿದ್ದ, ಎತ್ತರದವ. ಅವನು ಅಜ್ಜಿಯ ಮಾತು ಕೇಳಿ ಎದ್ದು ನಿಂತು ಇಂಗ್ಲಿಷಿನಲ್ಲಿ ಹೇಳಿದ, "ಗಂಡನನ್ನು ಒಂಟಿಯಾಗಿ ಬಿಡಬೇಡಿ ಅಂತ ಇವರು ಬೆಳಿಗ್ಗೆ ನಿಮಗೆ ಹೇಳಿದ್ದರಂತೆ. ನೀವು ಖಂಡಿತ ಅಂದಿದ್ದಿರಂತೆ."

ಸುಪ್ರೀತಾಳ ಮುಖ ನೋಡಲಿಕ್ಕೆ ಧೈರ್ಯ ಬರಲಿಲ್ಲ.

ಆ ಮ್ಯೂಸಿಯಂ ಗೊತ್ತುಂಟಲ್ಲ, ಸುತ್ತ ಸಮುದ್ರ. ಮೆಟ್ಟಿಲು ಇಳಿದರೆ ನೀರು. ಸೆಕ್ಯುರಿಟಿಯವರು ಪಾಪ, ಒಳಗೆಲ್ಲ ಹುಡುಕಿದರು, ಕ್ಯಾಮರಾ ನೋಡಿದರು. ಟೋಪಿ ಹಾಕಿದ ಅಜ್ಜ ಮುಕ್ಕಾಲು ಗಂಟೆ ಮೊದಲೇ ಹೊರಗೆ ಹೋಗಿದ್ದಾನೆ ಅಂದರು. ಹೊರಗೆ ಅಂದರೆ ಎಲ್ಲಿ? ಮ್ಯೂಸಿಯಂ ಇರುವ ಸಾದಿಯಾತ್ ದ್ವೀಪದಲ್ಲಿ ಆಗ ಇದ್ದದ್ದೇ ರಸ್ತೆ, ಮರಳು, ಅರ್ಧ ಕಟ್ಟಿದ ಕಟ್ಟಡ. ನಾನು ಬಸ್ಸಿನ ಎ.ಸಿ. ಚಾಲೂ ಇಟ್ಟು ಒಬ್ಬ ಸೆಕ್ಯುರಿಟಿಯವನನ್ನು ಬಾಗಿಲಲ್ಲಿ ನಿಲ್ಲಿಸಿ ಸುಪ್ರೀತಾಳ ಹಿಂದೆ ಓಡಿದೆ. ಅವಳು ಹೈಹೀಲ್ಸ್ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಓಡುತ್ತಿದ್ದಳು.

"ಅವರು ನನಗೇ ಹೇಳಿದ್ದು ಅಬ್ಬಾಸಣ್ಣ. ನನ್ನ ಕೈ ಹಿಡಿದು ಹೇಳಿದ್ದು. ನಾನು ನಕ್ಕೆ!"

"ಹಾರ್ನ್ ಹೊಡೆದದ್ದು ನಾನು."

"ನಕ್ಕದ್ದು ನಾನು. ಆ ಅಜ್ಜ ನೀರಿಗೆ ಬಿದ್ದಿದ್ದರೆ ನಾನು ಮನೆಗೆ ಹೋಗಿ ಯಶ್ಮಿತಾಳ ಮುಖ ಹೇಗೆ ನೋಡಲಿ?"

ನಾನು ಬಾಯಲ್ಲಿ ಬಂದ ದುವಾ ಎಲ್ಲ ಹೇಳುತ್ತಾ ಓಡಿದೆ. ಸಮುದ್ರದ ಬದಿ ನೋಡಿದೆವು. ಬಸ್ ಸ್ಟಾಪ್ ನೋಡಿದೆವು. ದೂರದಲ್ಲಿ ಟೋಪಿ ಅಂತ ಕಂಡದ್ದು ಸಿಮೆಂಟಿನ ಚೀಲ. ಒಂದು ನಿಮಿಷ ನಿಂತರೆ ಎದೆ ಒಡೆದು ಹೋಗ್ತದೆ ಅಂತ ನಿಲ್ಲದೆ ನಡೆದೆವು.

ಕೊನೆಗೆ ಸಿಕ್ಕಿದ, ಅಲ್ಹಮ್ದುಲಿಲ್ಲಾ! ರಸ್ತೆ ಬದಿಯ ಖರ್ಜೂರದ ಮರದ ನೆರಳಲ್ಲಿ ಗಿಡಕ್ಕೆ ನೀರು ಬಿಡುವ ಕೆಲಸದವರು ಊಟಕ್ಕೆ ಕೂತಿದ್ದರು. ಅವರ ನಡುವೆ ಮಗುಚಿದ ಕ್ರೇಟಿನ ಮೇಲೆ ರೆಮಿ ಅಜ್ಜ. ಕಿವಿಗೆ ಮ್ಯೂಸಿಯಂನ ಯಂತ್ರ ಹಾಗೆಯೇ, ಕೈಯಲ್ಲಿ ಖುಬ್ಬೂಸ್ ರೊಟ್ಟಿ, ದಾಲು. ಬಾಯಿ ತುಂಬ ಫ್ರೆಂಚಿನಲ್ಲಿ ಏನೋ ಕಥೆ ಹೇಳುತ್ತಿದ್ದ. ನಿಜಾಮಾಬಾದ್ ಕಡೆಯ ಒಬ್ಬ ಪ್ರತಿ ಮಾತಿಗೂ ತಲೆ ಅಲ್ಲಾಡಿಸುತ್ತಿದ್ದ. "ಯೆಸ್ ಸರ್. ಯೆಸ್ ಸರ್."

ಅಜ್ಜ ಸುಪ್ರೀತಾಳನ್ನು ನೋಡಿ ಎದ್ದ. ನಗು ಮಾಯವಾಯಿತು, ಹೆದರಿದ ಮಗುವಿನ ಮುಖ. ಏನೋ ಕೇಳಿದ. ಅವಳ ಬಾಯಿಯಿಂದ ಅಭ್ಯಾಸಬಲದಿಂದ "ವ್ವಿ" ಬಂತು, ನಾನು ಕೇಳಿದೆ. ಅವಳು ಬಾಯಿಗೆ ಕೈ ಅಡ್ಡ ಇಟ್ಟಳು. ಆಮೇಲೆ ಮೆಲ್ಲಗೆ ಹೇಳಿದಳು, "ಜ ನ ಕೊಂಪ್ರಾಂ ಪಾ."

ನನಗೆ ಅರ್ಥ ಆಗುವುದಿಲ್ಲ. ಪಿಯುಸಿಯ ಮೊದಲನೇ ಪಾಠವಂತೆ. ಒಂದು ವರ್ಷದಲ್ಲಿ ಅವಳು ಹೇಳಿದ ಮೊದಲ ನಿಜವಾದ ಫ್ರೆಂಚ್ ಅದು. ಅಜ್ಜ ಅವಳನ್ನು ದಿಟ್ಟಿಸಿ ನೋಡಿ ದೊಡ್ಡದಾಗಿ ನಕ್ಕುಬಿಟ್ಟ. "ಮ್ವಾ ನೋಂ ಪ್ಲ್ಯೂ," ಅಂದ. ನನಗೂ ಇಲ್ಲ ಅಂದದ್ದು ಅಂತ ಆಮೇಲೆ ಗೊತ್ತಾಯಿತು. ಅವಳ ಕೈ ಹಿಡಿದು ಬಸ್ಸಿನವರೆಗೂ ನಡೆದ.

ಬಸ್ಸಿನಲ್ಲಿ ಅಜ್ಜಿ ಗಂಡನನ್ನು ತಬ್ಬಿ ಅತ್ತಳು, ಟೋಪಿ ತೆಗೆದು ತಲೆ ಸವರಿದಳು. ಸುಪ್ರೀತಾಳಿಗೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬೆಳಿಗ್ಗೆಯದ್ದೇ ಮಾತನ್ನು, ಅದೇ ಸಣ್ಣ ಸ್ವರದಲ್ಲಿ, ಪುನಃ ಹೇಳಲಿಕ್ಕೆ ಶುರುಮಾಡಿದಳು. ಸುಪ್ರೀತಾ ಅವಳ ಎದುರು ನೆಲದಲ್ಲೇ ಕೂತು ಇಡೀ ಬಸ್ಸಿಗೆ ಕೇಳುವ ಹಾಗೆ ಹೇಳಿದಳು, "ಜ ನ ಕೊಂಪ್ರಾಂ ಪಾ, ಮದಾಂ."

ಎತ್ತರದವ ಇಂಗ್ಲಿಷಿನಲ್ಲಿ, "ಬೆಳಿಗ್ಗೆ ನಲವತ್ತು ನಿಮಿಷ ಮಾತಾಡಿದಿರಲ್ಲ?" ಅಂದ.

"ಬಾಯಿಪಾಠ," ಅಂದಳು. ಬ್ಯಾಗಿನಿಂದ ನೋಟ್‌ಬುಕ್ ತೆಗೆದು ಅವನ ಕೈಗೆ ಕೊಟ್ಟಳು. ಅವನು ನಮ್ಮ ಅಕ್ಷರಗಳನ್ನು ತಿರುವಿ ತಿರುವಿ ನೋಡಿದ.

ಅಷ್ಟರಲ್ಲಿ ನನ್ನ ಮೊಬೈಲಿಗೆ ಆಸ್ವಾಲ್ಡ್. "ಅಬ್ಬಾಸ್, ಯಾಕೆ ತಡ? ಎಲ್ಲ ಮ್ಯಾನೇಜ್ ಆಯಿತಲ್ಲ?" ಯೆಸ್ ಸರ್ ಅನ್ನಲಿಕ್ಕೆ ನಾನು ಬಾಯಿ ತೆರೆದಿದ್ದೆ. ಸುಪ್ರೀತಾ ಬಂದು ಫೋನು ತೆಗೆದುಕೊಂಡಳು.

"ಇಲ್ಲ ಸರ್. ನನಗೆ ಫ್ರೆಂಚ್ ಬರುವುದಿಲ್ಲ. ಇವತ್ತು ಒಬ್ಬರನ್ನು ಕಳಕೊಂಡಿದ್ದೆ, ಸಿಕ್ಕಿದರು." ಆ ಕಡೆಯಿಂದ ತುಂಬ ಹೊತ್ತು ಬೊಬ್ಬೆ. "ಹೌದು ಸರ್. ಅರ್ಥ ಆಯಿತು," ಅಂತ ಫೋನು ನನಗೆ ಕೊಟ್ಟಳು. ಮರುದಿನದಿಂದ ಏರ್‌ಪೋರ್ಟ್ ಬೋರ್ಡು ಅಂತ ಅಲ್ಲಿಯೇ ತೀರ್ಮಾನ ಆಗಿತ್ತು.

ಅವಳು ಹಿಂದೆ ಹೋಗಿ ಅಜ್ಜಿಯ ಎದುರು ಪುನಃ ಕೂತಳು. ಅಜ್ಜಿ ಗಂಡನ ಹಣೆಯ ಮೇಲೆ ಬೆರಳಿಟ್ಟು ಒಂದೊಂದೇ ಶಬ್ದ ಹೇಳಿದಳು, "ಮೋಂ ಮಾರಿ... ಊಬ್ಲಿ."

ಸುಪ್ರೀತಾ ತಿರುಗಿ ನನ್ನನ್ನು ನೋಡಿದಳು, ಕನ್ನಡಿಯಲ್ಲಲ್ಲ, ನೇರ. "ನನ್ನ ಗಂಡ ಮರೆಯುತ್ತಾರೆ ಅಂತ ಅಬ್ಬಾಸಣ್ಣ. ಅಷ್ಟೇ ಹೇಳಿದ್ದು. ಈ ಶಬ್ದ ನನಗೆ ಪರೀಕ್ಷೆಗೆ ಬಂದಿತ್ತು, ಐದು ಮಾರ್ಕು. ಪೂರ್ತಿ ಸಿಕ್ಕಿತ್ತು." ಅಷ್ಟು ಹೇಳಿ ಮುಖ ಮುಚ್ಚಿ ಅತ್ತಳು. ಅಜ್ಜಿ ಅವಳ ಕೆನ್ನೆ ಒರೆಸಿ ಮುಂದಿನ ಮಾತು ಶುರುಮಾಡಿದಳು, ಇನ್ನೂ ನಿಧಾನವಾಗಿ.

ಹೊರಗೆ ಪಾರ್ಕಿಂಗಿನವ ಯಲ್ಲಾ ಯಲ್ಲಾ, ಬೇಗ ಹೊರಡು ಅಂತ ಗಾಜು ಬಡಿಯುತ್ತಿದ್ದ. ಹಿಂದೆ ಮೂರು ಬಸ್ಸು ಹಾರ್ನ್ ಹೊಡೆಯುತ್ತಿದ್ದವು. ಹೊಡೆಯಲಿ. ನಾನು ಎಂಜಿನ್ ಆಫ್ ಮಾಡಿ, ಎರಡೂ ಕೈ ತೊಡೆಯ ಮೇಲಿಟ್ಟು, ಅಜ್ಜಿಯ ಮಾತು ಮುಗಿಯುವವರೆಗೆ ಕೂತೆ.