ಗೇರ್‌ಬಾಕ್ಸ್ ಅಸಲೀದೇನ್ರಿ?

"ಗೇರ್‌ಬಾಕ್ಸ್ ಅಸಲೀದೇನ್ರಿ?"

ನಮ್ಮ ಹಳೇ ಕಾರು ಕೊಳ್ಳಲು ಹುಬ್ಬಳ್ಳಿಯಿಂದ ಬಂದಿದ್ದ ಗೃಹಸ್ಥರು ಕೇಳಿದ್ದು ಇಷ್ಟೇ. ಲಕ್ಷ್ಮೇಶ್ವರದ ನಮ್ಮ ತವರುಮನೆಯ ಪಡಸಾಲೆಯಲ್ಲಿ ಅಣ್ಣ ಚಹಾದ ಕಪ್ಪು ಕೆಳಗಿಟ್ಟ. ಅತ್ತಿಗೆ ಎದ್ದು ಒಳಗೆ ಹೋದಳು. ನಾನು ಗೋಡೆ ನೋಡಿದೆ.

ಪಾಪ, ಅವರಿಗೇನು ಗೊತ್ತು? ಇದೇ ಪ್ರಶ್ನೆಗೆ ನಮ್ಮ ಮನೆ ಎಂದೋ ಎರಡಾಗಿ ಹೋಗಿತ್ತು.

ಕಾರು ಅಪ್ಪನದು. ಗದಗಿನಲ್ಲಿ ಹತ್ತಿ ವ್ಯಾಪಾರ ಮುಗಿಸಿ ತನ್ನ ದೇಶಕ್ಕೆ ಹೊರಟ ಸಾಹೇಬನೊಬ್ಬನಿಂದ ಕೊಂಡ ವಿಲಾಯತಿ ಕಾರು. ವಕೀಲರಾಗಿದ್ದ ಅಪ್ಪ ಅದರಲ್ಲೇ ಕೋರ್ಟಿಗೆ ಹೋಗುತ್ತಿದ್ದರು. ಅವರು ತೀರಿಕೊಂಡ ಮೇಲೆ, ಎಪ್ಪತ್ತೆಂಟರ ಸುಮಾರಿಗೆ, ತಮ್ಮ ಶಿವು ಅದನ್ನು ಮುಂಡರಗಿಗೆ ಒಯ್ದ. ಅಲ್ಲಿ ಅವನದು ಬೀಜ-ಗೊಬ್ಬರದ ಅಂಗಡಿ. ಕಪ್ಪತಗುಡ್ಡದ ಹತ್ತಿರ ಗೇರು ಕೈಕೊಟ್ಟಿತು. ರಿಪೇರಿಯಾಗಿ ಲಕ್ಷ್ಮೇಶ್ವರಕ್ಕೆ ಬಂದಾಗ ಸಪ್ಪಳವೇ ಬೇರೆ. ಅಣ್ಣ ಒಂದು ಸುತ್ತು ಓಡಿಸಿ ಬಂದವನೇ, ಇದು ಅಪ್ಪನ ಗೇರ್‌ಬಾಕ್ಸ್ ಅಲ್ಲ, ಅಸಲೀದನ್ನು ಯಾರಿಗೋ ಮಾರಿ ಗುಜರಿ ಮಾಲು ಕೂಡಿಸಿದ್ದಾನೆ ಅಂದುಬಿಟ್ಟ.

ಶಿವು ಕೀಲಿಕೈಯನ್ನು ಕಟ್ಟೆಯ ಮೇಲಿಟ್ಟು ನಡೆದ. ಆಮೇಲೆ ನಾಗರಪಂಚಮಿಗೂ ಬರಲಿಲ್ಲ.

ಬೆಟಗೇರಿಯಲ್ಲಿರುವ ನಾನು ಪ್ರತಿ ಪಂಚಮಿಗೆ ಮೊದಲು ಲಕ್ಷ್ಮೇಶ್ವರಕ್ಕೆ, ಆಮೇಲೆ ಶೇಂಗಾ ಉಂಡಿಯ ಡಬ್ಬಿ ಹಿಡಿದು ಮುಂಡರಗಿಗೆ. (ಹಬ್ಬಕ್ಕೆ ನನ್ನಷ್ಟು ಬಸ್ ಬದಲಿಸುವ ಹೆಣ್ಣುಮಗಳು ಈ ಭಾಗದಲ್ಲಿ ಇನ್ನೊಬ್ಬಳಿದ್ದರೆ ತಿಳಿಸಿ.) ಎರಡೂ ಮನೆಗಳಲ್ಲಿ ಕಾರಿನ ಮಾತು ಎತ್ತುವಂತಿರಲಿಲ್ಲ. ಕಾರು ಲಕ್ಷ್ಮೇಶ್ವರದ ಅಂಗಳದಲ್ಲೇ ಇತ್ತು, ಅಣ್ಣ ಆಗೀಗ ಓಡಿಸುತ್ತಿದ್ದ ಅಷ್ಟೇ.

ಹುಬ್ಬಳ್ಳಿಯವರಿಗೆ ಹಳೇ ಕಾರುಗಳ ಹುಚ್ಚು. ಅವರು ನಮಗೊಂದು ಹೊಸ ಸಂಗತಿ ಹೇಳಿದರು. ಎಲ್ಲ ಕಾರಿಗೂ ಇರುವುದಿಲ್ಲವಂತೆ, ಆದರೆ ಈ ಮಾಡೆಲ್ಲಿನ ಬಾನೆಟ್ ಒಳಗಿರುವ ಹಿತ್ತಾಳೆ ಪಟ್ಟಿಯಲ್ಲಿ ಗೇರ್‌ಬಾಕ್ಸಿನ ನಂಬರೂ ಇರುತ್ತದಂತೆ. ಅದೇ ನಂಬರು ಗೇರ್‌ಬಾಕ್ಸಿನ ಮೈಮೇಲೂ ಇರಬೇಕು. ಎರಡೂ ಕೂಡಿದರೆ ಅಸಲಿ, ಇಲ್ಲವಾದರೆ ಬದಲಿ. ನೋಡಿಡಿ, ಇನ್ನೊಮ್ಮೆ ಬರುತ್ತೇನೆ ಎಂದು ಹೋದರು.

ಅಂದರೆ ಉತ್ತರ ಇಷ್ಟು ವರ್ಷ ನಮ್ಮ ಅಂಗಳದಲ್ಲೇ ಗ್ರೀಸು ಮೆತ್ತಿಕೊಂಡು ಕೂತಿತ್ತು!

ಅಣ್ಣ ಆಗಲೇ ಅಂಗಿಯ ತೋಳು ಮಡಚತೊಡಗಿದ. ನಾನು ತಡೆದೆ. ನಂಬರು ಏನೇ ಬರಲಿ, ಶಿವು ಎದುರಿಗಿದ್ದಾಗ ಬರಲಿ ಅಂದೆ. ವಕೀಲರ ಮಗ ಅಲ್ಲವೇ? ಒಪ್ಪಿದ.

ಶಿವು ಒಪ್ಪಬೇಕಲ್ಲ? ಮುಂಡರಗಿಗೆ ಹೋಗಿ ಹೇಳಿದರೆ ಅವನು ಗೊಬ್ಬರದ ಚೀಲ ಸರಿಸುತ್ತಲೇ ಇದ್ದ.

"ನಾ ಕಳ್ಳ ಅಲ್ಲ ಅಂತ ಕಾರು ಸಾಕ್ಷಿ ಹೇಳಬೇಕೇನಕ್ಕಾ?"

ಹೊರಡುವಾಗ, ಕಾರು ಹುಬ್ಬಳ್ಳಿಗೆ ಹೋಗುವಂತಿದೆ, ಒಮ್ಮೆ ಕಣ್ಣಿಂದ ನೋಡುವುದಾದರೆ ಬಾ ಅಂತಷ್ಟೇ ಹೇಳಿದೆ.

ಭಾನುವಾರ ಮುಂಜಾನೆಯ ಬಸ್ಸಿಗೆ ಬಂದ. ಅಣ್ಣನ ಕಡೆ ನೋಡಲಿಲ್ಲ. ಅಂಗಿ ಕಳಚಿ, ಜಾಕ್ ಹಾಕಿ, ಗಾಲಿಗಳಿಗೆ ಕಲ್ಲು ಕೊಟ್ಟು, ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆ ಹಿಡಿದು ಕಾರಿನ ಕೆಳಗೆ ಸರಿದ. ಅಣ್ಣ ಬಾನೆಟ್ ಎತ್ತಿ ನಿಂತ. ಕೆಳಗಿನಿಂದ ತಿಕ್ಕುವ ಸಪ್ಪಳ. ಕೂಡದೇ ಹೋದರೆ? ಸುಮ್ಮನಿದ್ದ ಗಾಯ ಕೆದರಿದವಳು ನಾನೇ ಆಗುತ್ತೇನಲ್ಲ!

ಕೊನೆಗೆ ಕೆಳಗಿನಿಂದ ಶಿವುನ ದನಿ ಬಂತು. "ನಂಬರ್ ಕಾಣಾಕತ್ತೈತಿ. ನೀನ ಬಂದು ನೋಡು."

ಅಣ್ಣ ಬಗ್ಗಲಿಲ್ಲ.

"ನೀ ಓದು. ನೀ ಓದಿದ್ದ ಖರೆ."

ತಮ್ಮ ಒಂದೊಂದೇ ಅಂಕಿ ಹೇಳಿದ. ಅಣ್ಣ ಪಟ್ಟಿ ನೋಡಿ ಒಂದೊಂದಕ್ಕೂ 'ಹೂಂ' ಅಂದ. ಎಲ್ಲವೂ ಕೂಡಿತ್ತು.

ಹಾಗಾದರೆ ಆ ಸಪ್ಪಳ? ಹೊರಗೆ ಬಂದು ಶಿವು ಹೇಳಿದ. ಒಳಗಿನ ಒಂದು ಗೇರಿನ ಹಲ್ಲುಗಳು ಮುರಿದಿದ್ದವು, ಅಂಥದು ಎಲ್ಲೂ ಸಿಗದೆ ಹೊಸದಾಗಿ ಮಾಡಿಸಿ ಹಾಕಿಸಿದ್ದ. ಬಾಕ್ಸು ಅಪ್ಪನದೇ. ಇದನ್ನು ಹೇಳಲು ಬಾಯಿ ತೆಗೆಯುವ ಮೊದಲೇ ಅಣ್ಣ 'ಗುಜರಿ' ಅಂದಿದ್ದ. ಅಣ್ಣನ ಕಿವಿಯೂ ಸುಳ್ಳಲ್ಲ, ತಮ್ಮನೂ ಸುಳ್ಳಲ್ಲ. ಎಷ್ಟು ಮನೆಗಳಲ್ಲಿ ಹೀಗಾಗಿದೆಯೋ!

"ತಪ್ಪಾತಲೇ ಶಿವು," ಅಂದ ಅಣ್ಣ.

ಶಿವು ಕೈ ತೊಳೆಯಲು ಸಾಬೂನು ಕೇಳಿದ. (ಗಂಡಸರು ಕ್ಷಮಿಸುವ ರೀತಿಯೇ ಇಷ್ಟು.) ಅಣ್ಣ ತಾನೇ ಹೋಗಿ ತಂದು, ಚರಿಗೆಯಿಂದ ನೀರು ಹಾಕಿದ.

ಊಟವಾದ ಮೇಲೆ ಶಿರಹಟ್ಟಿಯವರೆಗೆ ಒಂದು ಸುತ್ತು ಹೋಗಿಬಂದೆವು. ಶಿವು ಓಡಿಸಿದ, ಅಣ್ಣ ಪಕ್ಕದಲ್ಲಿ, ನಾನೂ ಅತ್ತಿಗೆಯೂ ಹಿಂದೆ. ಗೇರು ಗರಗರ ಅಂತಲೇ ಇತ್ತು. ಮುಂದೆ ಕೂತ ಇಬ್ಬರೂ ಅಪ್ಪನ ಡ್ರೈವಿಂಗ್ ನೆನೆಸಿಕೊಂಡು ನಗುತ್ತಿದ್ದರು.

ಮರುವಾರ ಹುಬ್ಬಳ್ಳಿಯವರು ಬಂದು ತಾವೇ ಕೆಳಗಿಳಿದು ನಂಬರು ನೋಡಿ, ಖುಷಿಯಿಂದ ಕಾರು ಒಯ್ದರು. ಅಂಗಳ ಖಾಲಿಯಾಯಿತು. ಕಾರು ಕಳಿಸಿಕೊಡಲು ಮತ್ತೆ ಬಂದು, ಅಂದೇ ಊರಿಗೆ ಹೊರಟಿದ್ದ ಶಿವುನನ್ನು ಅಣ್ಣ, ನಾಳೆ ಹೋದರಾತು ಎಂದು ನಿಲ್ಲಿಸಿಕೊಂಡನಂತೆ.

ನಂಬರು ಕೂಡದೇ ಇದ್ದಿದ್ದರೂ ಅಣ್ಣ ಆ ಭಾನುವಾರ 'ಹೂಂ' ಅಂದುಬಿಡುತ್ತಿದ್ದ ಅಂತ ನನಗನ್ನಿಸುತ್ತದೆ. ಅನ್ನಬೇಕಿತ್ತಲ್ಲವೇ?