ನಕ್ಷೆಯಲ್ಲಿ ಹಸಿರಾದ ಹೊಲ

ಆಕಾಶದಿಂದ ಹೊಲ ನೋಡೋ ಹುಡುಗಿ ಬಂದವ್ಳೆ ಅಂತ ತೂಬಗೆರೆ ಡೈರಿಯಲ್ಲಿ ಹಾಲು ಹಾಕುವಾಗ ಕೇಳಿದ ದಿನದಿಂದಲೇ ಅಕ್ಕಯಮ್ಮ ಅವಳ ದಾರಿ ಕಾಯತೊಡಗಿದಳು. ಆ ಸಲ ಮಳೆ ಕೈಕೊಟ್ಟು ರಾಗಿಯೆಲ್ಲ ಜೊಳ್ಳಾಗಿತ್ತು. ಊರು ಬರದ ಪಟ್ಟಿಗೆ ಸೇರದಿದ್ದರೆ ಹಸುಗಳಿಗೆ ಸರ್ಕಾರದ ಮೇವು ಸಿಗುವಂತಿರಲಿಲ್ಲ.

ಹುಡುಗಿ ಮಮತ, ತ್ಯಾಮಗೊಂಡ್ಲು ಕಡೆಯವಳು. ಉಪಗ್ರಹದ ನಕ್ಷೆ ನಿಜ ಹೇಳುತ್ತದೋ ಇಲ್ಲವೋ ಅಂತ ಹೊಲಹೊಲ ಸುತ್ತಿ ನೋಡುವುದು ಅವಳ ಕೆಲಸ; ಆ ನಕ್ಷೆ ನೋಡಿಯೇ ಸರ್ಕಾರ ಬರದ ಪಟ್ಟಿ ಮಾಡುತ್ತಿತ್ತು. ಮಜ್ಜಿಗೆ ಕೊಟ್ಟರೆ ನಿಂತೇ ಕುಡಿಯುವಳು, ಅಷ್ಟು ಅವಸರ. ಕೊನೆಯ ದಿನ ಅವಳು ಮೊಬೈಲು ತೋರಿಸಿದಾಗ ಅಕ್ಕಯಮ್ಮನ ಹೊಲವೂ ಸೇರಿ ಊರೆಲ್ಲ ಹಚ್ಚಗೆ ಹಸಿರಾಗಿ ಕಂಡಿತು.

"ಅಯ್ಯೋ, ನಿಮ್ಮ ಉಪಗ್ರಹಕ್ಕೂ ಕಣ್ಣಿಗೆ ಪೊರೆ ಬಂದೈತೇನವ್ವಾ?"

"ನಿಮ್ಮೂರ ಹೊಲಗಳ ಸುತ್ತ ನೀಲಗಿರಿ ತೋಪಲ್ವಾ ಅಜ್ಜಿ? ಅದರ ಹಸಿರು ನಿಮ್ಮ ರಾಗಿ ಲೆಕ್ಕಕ್ಕೆ ಸೇರ್ಬಿಟ್ಟಿದೆ. ಒಣಗಿದ ಹೊಲದ ಫೋಟೋ ಕಳಿಸಿದ್ರೂ ನಮ್ಮ ಆಫೀಸಿನ ಸಾಹೇಬ್ರು ನಂಬ್ತಿಲ್ಲ. ನಾಳೆ ಈ ನಕ್ಷೆ ಹೀಗೇ ಸರ್ಕಾರಕ್ಕೆ ಹೋಗ್ಬಿಡುತ್ತೆ."

ಅಕ್ಕಯಮ್ಮನಿಗೆ ಕೊಟ್ಟಿಗೆಯ ಖಾಲಿ ಗೋದಲಿ ಕಣ್ಣಿಗೆ ಕಟ್ಟಿತು. ಮಮತ ಗಾಡಿ ಸ್ಟಾರ್ಟ್ ಮಾಡಿದವಳು ಮತ್ತೆ ನಿಲ್ಲಿಸಿದಳು.

"ಅಜ್ಜಿ, ನಾಲ್ಕು ತೆನೆ ಕಿತ್ಕೊಂಡು ನನ್ನ ಹಿಂದೆ ಕೂತ್ಕೊಳ್ತೀರಾ? ಸಾಹೇಬ್ರ ಮುಂದೆ ನೀವೇ ಅಂಗೈಲಿ ಉಜ್ಜಿ ಜೊಳ್ಳು ತೋರಿಸ್ಬೇಕು."