ಗೌರವ್ವ ಹಿತ್ತಲಿನಿಂದ ಬಂದ ಸಂಜೆ

ಹಿರೇಕೆರೂರಿಗೆ ಬಂದ ಮರುದಿನ ಬೆಳಿಗ್ಗೆ ಸ್ನಾನ ಮುಗಿಸಿ ಬಂದರೆ, ಗುರುತು ಪರಿಚಯವಿಲ್ಲದ ಹೆಂಗಸೊಬ್ಬರು ನನ್ನ ಅಡುಗೆಮನೆಯಲ್ಲಿ ಸಾರಿನ ಪಾತ್ರೆಯ ಮುಚ್ಚಳ ತೆಗೆದು ನೋಡುತ್ತಿದ್ದರು. ನಾನು ಕಿರುಚುವುದರೊಳಗೆ ಅವರೇ ಕೇಳಿದರು: “ಇಷ್ಟ್ ನೀರ್ ಸಾರು ಹ್ಯಾಂಗ ಉಣ್ತೀರಿ?” ಅವರೇ ಗೌರವ್ವ, ನಾವು ಬಾಡಿಗೆಗೆ ಹಿಡಿದ ಮನೆಯ ಒಡತಿ. ಪಕ್ಕದ ಮನೆಯಲ್ಲಿ ಒಬ್ಬರೇ ಇರುತ್ತಾರೆ.

ನಮ್ಮ ನಂಜನಗೂಡಿನಲ್ಲಿ ಒಡಹುಟ್ಟಿದ ಅಕ್ಕನೂ ಗೇಟಿನ ಹತ್ತಿರ ನಿಂತು ಕೂಗಿಯೇ ಒಳಗೆ ಬರುತ್ತಾಳೆ. ಇಲ್ಲಿ ಹಗಲಲ್ಲಿ ಕದ, ಅಂದರೆ ಬಾಗಿಲು, ಮುಚ್ಚಿದ್ದರೆ ಒಳಗೆ ಯಾರಿಗೋ ಹುಷಾರಿಲ್ಲ, ಇಲ್ಲವೇ ಗಂಡ ಹೆಂಡತಿ ಜಗಳವಾಡಿದ್ದಾರೆ ಎಂದೇ ಅರ್ಥ. ತಡೆಯಲಾರದೆ, ಬಂದವರ ಮುಖವನ್ನು ಮೊಬೈಲಿನಲ್ಲಿ ತೋರಿಸುವ ಕ್ಯಾಮೆರಾ ಬೆಲ್ ತರಿಸಿ ಹಾಕಿಸಿದೆ. ಬೀದಿಯ ಮಕ್ಕಳು ಒಂದು ದಿನ ಒತ್ತಿ ಆಡಿದರು, ಅಷ್ಟೇ. ಗೌರವ್ವನಿಗಂತೂ ಅದು ಅವಮಾನ. “ಬೆಲ್ ಒತ್ತಿ ಒಳಗ ಬರಾಕ ನಾವೇನ್ ಬೀಗರೇನ್ರಿ?” ಎಂದರು. ಬೆಲ್ ಈಗಲೂ ಇದೆ, ಅದರ ತಲೆಯ ಮೇಲೆ ಯಾರೋ ಕುಂಕುಮ ಹಚ್ಚಿದ್ದಾರೆ.

ಗಂಡನಿಗೆ ಬಿತ್ತನೆ ಬೀಜದ ಕಂಪನಿಯಲ್ಲಿ ಕೆಲಸ, ದಿನವೆಲ್ಲ ಗೋವಿನಜೋಳದ ಹೊಲಗಳ ಸುತ್ತಾಟ. ಮೆಕ್ಕೆಜೋಳಕ್ಕೆ ಇಲ್ಲಿ ಹಾಗೆನ್ನುತ್ತಾರೆ. ನಂಜನಗೂಡಿನಲ್ಲಿ ಶಿಶುವಿಹಾರದ ಟೀಚರ್ ಆಗಿದ್ದ ನಾನು ಇಲ್ಲಿ ಏನೂ ಅಲ್ಲ. ಯಾವ ಶಾಲೆಗೆ ಹೋದರೂ ತರಬೇತಿಯ ಪ್ರಮಾಣಪತ್ರ ಕೇಳುತ್ತಾರೆ. ಅದಕ್ಕಾಗಿಯೇ ಆನ್‌ಲೈನ್ ಕೋರ್ಸಿಗೆ ಸೇರಿದೆ. ಪಾಠದ ನಡುವೆ ಕರೆಂಟು ಹೋಗುತ್ತಿತ್ತು. ಕರೆಂಟು ಬಂದಾಗ ನೆಟ್‌ವರ್ಕ್ ಹೋಗುತ್ತಿತ್ತು. ಹಿಂದಿನ ಪರೀಕ್ಷೆಗಳೂ ಹಾಗೆಯೇ ಕೈತಪ್ಪಿ, ಉಳಿದದ್ದು ಕೊನೆಯ ಅವಕಾಶ. ಇದೂ ಹೋದರೆ ಮತ್ತೆ ಕೂರುವಂತಿಲ್ಲ. ಮಕ್ಕಳ ನಡುವೆ ನಿಲ್ಲದೆ ನನಗೆ ಬದುಕಲು ಬರುವುದಿಲ್ಲ ಎಂಬುದು ಈ ಊರಿನಲ್ಲೇ ಗೊತ್ತಾಯಿತು. ಮಧ್ಯಾಹ್ನಗಳಲ್ಲಿ ಗೋಡೆಗೆ ಒರಗಿ ಸುಮ್ಮನೆ ಅಳುತ್ತಿದ್ದೆ.

ಅದನ್ನು ನೋಡಿಯೇ ಗೌರವ್ವ ಒಂದು ಭಾನುವಾರ ನನ್ನನ್ನು ಗೊಟಗೋಡಿಯ ರಾಕ್ ಗಾರ್ಡನ್ನಿಗೆ ಎಳೆದುಕೊಂಡು ಹೋದರು. ದಾರಿಗೆ ರೊಟ್ಟಿ ಬುತ್ತಿ, ಮೆಲ್ಲಲು ಯಾರೋ ತಂದುಕೊಟ್ಟಿದ್ದ ಸವಣೂರಿನ ಕುರುಕಲು ಖಾರಾ. ಅಲ್ಲಿ ಆಳೆತ್ತರದ ಬೊಂಬೆಗಳು: ಬೀಸುವವರು, ಕುಟ್ಟುವವರು, ಎತ್ತು ಕಟ್ಟುವವರು. ಈ ಬೊಂಬೆಗಳೇ ವಾಸಿ, ಯಾರ ಮನೆಗೂ ನುಗ್ಗುವುದಿಲ್ಲ ಅಂದುಕೊಂಡೆ. ಅಷ್ಟರಲ್ಲಿ ಗೌರವ್ವ, ರೊಟ್ಟಿ ಬಡಿಯುವ ಬೊಂಬೆಯ ಮುಂದೆ ನಿಂತು, “ಕೈ ನೋಡ್ರಿ, ಈಕಿ ಹಿಂಗ ಬಡದ್ರ ರೊಟ್ಟಿ ಹರೀತೈತಿ” ಎಂದು ತಿದ್ದತೊಡಗಿದರು. ಬಹಳ ದಿನಗಳ ಮೇಲೆ ನಕ್ಕೆ.

ಪರೀಕ್ಷೆ ಸಂಜೆಗೆ ಬಂತು. ನಿಯಮ ಕಟ್ಟುನಿಟ್ಟು: ಕೋಣೆಯಲ್ಲಿ ಒಬ್ಬರೇ ಇರಬೇಕು, ಕ್ಯಾಮೆರಾದಲ್ಲಿ ಇನ್ನೊಂದು ಮುಖ ಕಂಡರೆ ಪರೀಕ್ಷೆ ರದ್ದು. ಗೌರವ್ವನಿಗೆ ಎರಡೆರಡು ಸಲ ಬಿಡಿಸಿ ಹೇಳಿದೆ. “ಒಂದ್ ನೊಣಾನೂ ಬಿಡೂದಿಲ್ಲ, ನೀವ್ ಬರೀರಿ” ಎಂದು ಹೊರಗೆ ಮೆಟ್ಟಿಲ ಮೇಲೆ ಕಾವಲು ಕೂತರು. ನೆಟ್‌ವರ್ಕ್ ಸಿಗುವುದು ಪಡಸಾಲೆಯಲ್ಲಿ ಮಾತ್ರ. ಮುಂಬಾಗಿಲಿನ ಚಿಲಕ ಹಾಕಿ ಅಲ್ಲೇ ಕೂತೆ. “ಹೋಗ್ರೋ ಆ ಕಡೆ, ಅಕ್ಕೋರು ಪರೀಕ್ಷಾ ಬರ್ಯಾಕತ್ತಾರ!” ಎಂದು ಮಕ್ಕಳನ್ನು ಓಡಿಸುವುದು ಕೇಳಿಸುತ್ತಿತ್ತು. ಶಾಲೆಯ ಟೀಚರಿಗೆ ಇಲ್ಲಿ ಅಕ್ಕೋರು ಎನ್ನುತ್ತಾರೆ. ಕರೆಂಟೂ ಹೋಗಲಿಲ್ಲ. ಉತ್ತರಗಳು ಗೊತ್ತಿದ್ದವು. ಇನ್ನೇನು ಮುಗಿಯಬೇಕು.

ಆಗ ಬೆನ್ನ ಹಿಂದೆ ಏನೋ ಸರಿದಂತಾಯಿತು. ತಿರುಗಿದರೆ ಗೌರವ್ವ, ಕೈಯಲ್ಲಿ ಹಚ್ಚಿದ ದೀಪ, ತುಟಿಯ ಮೇಲೆ ಬೆರಳು. ಹಿತ್ತಲ ಬಾಗಿಲಿನಿಂದ ಬಂದು, ತುದಿಗಾಲಲ್ಲಿ ನನ್ನನ್ನು ದಾಟಿ, ಮುಂಬಾಗಿಲಿನ ಚಿಲಕ ತೆಗೆಯುತ್ತಿದ್ದರು. ಪರದೆಯ ಮೇಲೆ ಕೆಂಪು ಅಕ್ಷರಗಳು ಬಂದವು, ಪರೀಕ್ಷೆ ನಿಂತಿತು.

“ಏನ್ ಮಾಡಿದ್ರಿ ಅಮ್ಮಾ!” ಎಂದು ಚೀರಿದೆ.

“ನಾ ಸಪ್ಪಳಾನೂ ಮಾಡಿಲ್ಲಲ್ರಿ ಅಕ್ಕೋರ,” ಎಂದರು. “ದೀಪಾ ಹಚ್ಚೂ ಹೊತ್ತಿಗೆ ಕದಾ ಹಾಕಿದ್ರ ಲಕ್ಷ್ಮಿ ಹೊಳ್ಳಿ ಹೋಗ್ತಾಳ. ಅದರಾಗ ಇವತ್ತ ನಿಮ್ಮ ಪರೀಕ್ಷಾ. ನಿಮಗ ಛಲೋ ಆಗ್ಲಿ ಅಂತ ಬಂದ್ನಿ.”

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ದುಃಖದಲ್ಲಿ ಅವರಿಗೆ ಹೊರಗೆ ಹೋಗಿ ಎಂದೆ. ಮರುದಿನ ಅವರು ಏನೂ ಆಗದವರಂತೆ ಬಂದು ನನ್ನ ಒಲೆಯ ಮೇಲೆ ಅನ್ನಕ್ಕಿಟ್ಟರು. ಕೋರ್ಸಿನ ಕಚೇರಿಯಿಂದ ಫೋನ್ ಬಂದದ್ದು ಆಗಲೇ.

“ಹಿಂದೆ ಕಾಣಿಸಿದ ಹೆಂಗಸು ಯಾರು ಮೇಡಂ?” ಎಂದು ಕೇಳಿದಳು ಹುಡುಗಿ. “ಯಾರೋ ಗುರುತಿಲ್ಲದವರು ನುಗ್ಗಿದ್ರೆ ಪೊಲೀಸ್ ದೂರು ಕೊಟ್ಟು ಪ್ರತಿ ಕಳಿಸಿ. ಇನ್ನೊಂದು ಅವಕಾಶ ಕೊಡಿಸಬಹುದು. ಮನೆಯವರಾದ್ರೆ ಏನೂ ಮಾಡಕ್ಕಾಗಲ್ಲ.”

ಒಂದು ಮಾತು. ಗುರುತಿಲ್ಲದವರು ಎಂದರೆ ಸಾಕಿತ್ತು. ಗೌರವ್ವ ಅನ್ನದ ಅಗುಳು ತೆಗೆದು ಬೆರಳಲ್ಲಿ ಹಿಚುಕಿ ನೋಡುತ್ತಿದ್ದರು. ಇವರ ಮನೆ ಮುಂದೆ ಪೊಲೀಸರು ನಿಂತರೆ ಹೇಗಿರುತ್ತದೆ ಎಂದು ಯೋಚಿಸಿದೆ. ಆದರೂ ಆ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು, ಸುಳ್ಳೇಕೆ ಹೇಳಲಿ.

“ಮನೆಯವರು,” ಎಂದೆ.

ಹುಡುಗಿ ಸಾರಿ ಮೇಡಂ ಎಂದು ಫೋನ್ ಇಟ್ಟಳು. ಎಲ್ಲ ಮುಗಿಯಿತು ಎಂದು ನಾನು ಹೇಳಿದಾಗ ಗೌರವ್ವ ನನಗಿಂತ ಜೋರಾಗಿ ಅತ್ತರು. ನಾನು ಸಮಾಧಾನ ಮಾಡಲಿಲ್ಲ, ಆಗಲಿಲ್ಲ. ಆ ದಿನ ಸಿಟ್ಟಿಗೆ ಊಟ ಬಿಟ್ಟೆ. ನಾನು ಬಿಟ್ಟದ್ದಕ್ಕೆ ಅವರೂ ಬಿಟ್ಟು ಪಡಸಾಲೆಯ ಮೂಲೆಯಲ್ಲಿ ಕೂತರು.

ಸಂಜೆ ನಂಜನಗೂಡಿನಿಂದ ಅಮ್ಮ ಫೋನ್ ಮಾಡಿದಳು. “ಸಾಕು ಮಗಳೇ, ಆ ಊರೂ ಬೇಡ, ಆ ಜನವೂ ಬೇಡ. ಮನೆಗೆ ಬಂದ್ಬಿಡು,” ಎಂದಳು.

“ಬರ್ತೀನಿ ಅಮ್ಮ,” ಎಂದೆ. ನಿಜವಾಗಿಯೂ ಹೊರಟುಬಿಡಬೇಕು ಅನ್ನಿಸಿತ್ತು.

“ಯಾವಾಗ?”

“ಆಮೇಲೆ ಹೇಳ್ತೀನಿ. ಗೌರವ್ವ ಬೆಳಿಗ್ಗೆಯಿಂದ ಉಂಡಿಲ್ಲ, ಬಡಿಸ್ಬೇಕು,” ಎಂದು ಫೋನ್ ಇಟ್ಟೆ.